ಬಲಗಡೆ ಗಾಜು ಇಳಿಯುವುದಿಲ್ಲ

ಬಲಗಡೆಯದು ಇಳಿಯುವುದಿಲ್ಲ, ಎಡಗಡೆಯದು ನಿಲ್ಲುವುದಿಲ್ಲ.
ಹಿಡಿಕೆ ತಿರುಗಿಸಿದರೆ ಹಿಡಿಕೆಯೇ ಕೈಗೆ ಬರುತ್ತದೆ,
ಬಾಗಿಲೊಳಗೆ ಏನೋ ಜಾರಿ ಟಣ್ ಎನ್ನುತ್ತದೆ
ಬಾವಿಗೆ ಬಿದ್ದ ಚೆಂಬಿನ ಹಾಗೆ.
ಸಿರಿಂಜಿನ ಡಬ್ಬದ ರಟ್ಟು ಮಡಚಿ, ಸಂದಿಗೆ ತುರುಕಿ
ಎಡಗಡೆಯದನ್ನು ಎತ್ತಿ ನಿಲ್ಲಿಸಿದ್ದೇನೆ,
ಜ್ವರದವರನ್ನು ದಿಂಬಿಗೆ ಒರಗಿಸುವ ಹಾಗೆ.

ಬಿಜೈಯ ಫ್ಲ್ಯಾಟಿನ ವಾಚ್‌ಮನ್ ದಿನಾ ಬಂದು ಗಾಜು ತಟ್ಟುತ್ತಾನೆ.
ನಾನು ಇಡೀ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು,
'ಲ್ಯಾಬಿನವಳು ಮಾರಾಯ, ರಕ್ತ ತೆಗೀಲಿಕ್ಕೆ ಬಂದದ್ದು' ಎನ್ನುತ್ತೇನೆ.
ನಿನ್ನೆಯೂ ಹೇಳಿದ್ದೆ.
ಅವನಿಗೆ ಬಹುಶಃ ಆ ಬಾಗಿಲು ಕಿರುಗುಟ್ಟುವುದನ್ನು ಕೇಳಬೇಕು.

ಮಾರುತಿ ಎಂಟುನೂರು. ಇಪ್ಪತ್ತಾರು ವರ್ಷ.
ಪೆಟ್ರೋಲು ಕುಡಿದದ್ದಕ್ಕಿಂತ ಉಪ್ಪುಗಾಳಿ ಕುಡಿದದ್ದು ಹೆಚ್ಚು.
ಮುಂಗಾಜಿನ ಸುತ್ತ ರಬ್ಬರು ಒಣಸಿಗಡಿಯಂತೆ ಮುರುಟಿ
ಅದರಡಿಯಲ್ಲಿ ತುಕ್ಕು; ಮಳೆ ಹಿಡಿದರೆ ನೀರು
ಒಳಗೊಳಗೇ ದಾರಿ ಮಾಡಿಕೊಂಡು ಸರಿಯಾಗಿ
ನನ್ನ ಎಡಗಾಲಿನ ಹೆಬ್ಬೆರಳಿಗೆ ಬೀಳುತ್ತದೆ.
ಕ್ಲಚ್ ಒತ್ತಿದಾಗಲೆಲ್ಲ ಒಂದು ಹನಿ.

ಬಲಗನ್ನಡಿ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿನ ಪಾಲಾಯಿತು.
ಕಂಡಕ್ಟರು ನೇತಾಡುತ್ತಾ 'ಪೋಯಿ ಪೋಯಿ' ಎಂದ,
ಹೋದದ್ದು ನನ್ನ ಕನ್ನಡಿ.
ಈಗ ಅಲ್ಲಿ ಎಂ-ಸೀಲ್ ಮೆತ್ತಿ ಕೂರಿಸಿದ ಅಂಗೈಯಗಲದ ಮುಖಗನ್ನಡಿ.
ಹಿಂದಿನ ಲಾರಿ ಕಾಣುವುದಿಲ್ಲ,
ನನ್ನ ಕಿವಿಯೋಲೆ ಸ್ಪಷ್ಟ.
ಒಳಗಿನದು ಏಪ್ರಿಲಿನ ಒಂದು ಮಧ್ಯಾಹ್ನ
ಅಂಟು ಬಿಟ್ಟು ಮಡಿಲಿಗೇ ಬಿತ್ತು, ಸುಡುತ್ತಿತ್ತು.

ಮತ್ತೆ ಕೂಳೂರಿನ ಹತ್ತಿರ, ಜಲ್ಲಿ ಲಾರಿಯಿಂದ ಹಾರಿದ ಕಲ್ಲು.
ಆ ದಿನ ಎಳ್ಳಿನಷ್ಟು. ಶುಕ್ರವಾರಕ್ಕೆ ಬೆರಳುದ್ದ.
ಬಿಸಿಲಲ್ಲಿ ನಿಲ್ಲಿಸಿ ತಣ್ಣೀರು ಹೊಯ್ದದ್ದು ನನ್ನದೇ ತಪ್ಪು.
ಹದಿನೇಳು ವರ್ಷದಿಂದ ಮೊಣಕೈಗಳ ಒಳಬದಿಯಲ್ಲಿ
ನಾನು ಹುಡುಕುತ್ತಾ ಬಂದದ್ದು ಇಂಥದೇ ಗೆರೆ.
ಅವು ಸೂಜಿ ಕಂಡರೆ ಅಡಗುತ್ತವೆ.
ಇದು ಅಡಗುವುದಿಲ್ಲ.

ಬಂದರಿನ ಪುತ್ತುಬಾವಾಕ ಉಗುರು ಆಡಿಸಿ ನೋಡಿ ಹೇಳಿದರು:
'ಇದಕ್ಕೆ ಮದ್ದಿಲ್ಲ ಜೆಸಿಂತಾಬಾಯಿ, ಬದಲಿಸುವುದೇ.
ಎರಡೂವರೆ ಸಾವಿರ, ರಬ್ಬರು ಬೇರೆ.
ಹಳೆಯದನ್ನು ಗುಜರಿಯವ ಸಹ ಮುಟ್ಟುವುದಿಲ್ಲ.'
ಮುಂದಿನ ವಾರ ಎಂದೆ.
ಮುಂದಿನ ವಾರವೂ ಮುಂದಿನ ವಾರ ಎಂದೆ.
ದುಡ್ಡಿನ ಪ್ರಶ್ನೆ ಅಂದುಕೊಂಡರು ಪಾಪ, ಚಾ ತರಿಸಿದರು.

ಹೇಗೆ ಹೇಳುವುದು ಅವರಿಗೆ,
ಜೂನಿನಲ್ಲಿ ನನ್ನ ಉಸಿರಿಗೆ ಗಾಜು ಮಬ್ಬಾದಾಗ
ಎಡಗಡೆ ಸೀಟಿನ ಎದುರು, ಕೆಳಮೂಲೆಯಲ್ಲಿ
ಒಂದು ಮೀನು ಏಳುತ್ತದೆ ಅಂತ.
ಯಾವುದೋ ಮಗುವಿನ ಬೆರಳು ಬರೆದದ್ದು.
ಕಣ್ಣು ಹೊಟ್ಟೆಯ ಹತ್ತಿರ ಉಂಟು,
ಬಾಲ ಬರೆಯುವಷ್ಟರಲ್ಲಿ ಯಾರೋ ಇಳಿ ಎಂದಿರಬೇಕು.

ಕಾರು ಕೊಟ್ಟ ಮುಲ್ಕಿಯ ಟೈಲರಿಗೆ ಫೋನು ಮಾಡಿ ಕೇಳಿದೆ.
ಕರ್ಕೇರರು ನಕ್ಕರು: 'ಒರೆಸಿದರೂ ಹೋಗಲಿಲ್ಲ ಅಲ್ವಾ?
ನಮಗೆ ಮಕ್ಕಳಿಲ್ಲ. ನನಗಿಂತ ಮುಂಚೆ ಒಬ್ಬರಿದ್ದರು,
ಅವರಿಗಿಂತ ಮುಂಚೆ ಇನ್ನೊಬ್ಬರು.'
ಸೋಪು, ವಿನೆಗರು, ಪೇಪರು, ಎಲ್ಲ ತಿಕ್ಕಿದ್ದಾರೆ ಎಲ್ಲರೂ.
ಮೀನು ಮಾತ್ರ ಯಾರ ಹೆಸರಿಗೂ ವರ್ಗವಾಗದೆ ಬಂದಿದೆ.
ಆ ಬೆರಳಿಗೀಗ ಮೂವತ್ತು ಹತ್ತಿರ ಬಂದಿರಬೇಕು.
ಯಾರಿಗೆ ಗೊತ್ತು, ಸಕ್ಕರೆ ನೋಡಲಿಕ್ಕೆಂದು
ನಾನೇ ಅದನ್ನು ಚುಚ್ಚಿರಲೂಬಹುದು.

ಇವತ್ತು ಐದೂವರೆಗೆ ಜೆಪ್ಪುವಿನಿಂದ ಹೊರಟಾಗ ಕಂಡೆ:
ಬಿರುಕು ರಾತ್ರಿಯಿಡೀ ನಡೆದು ಮೂಲೆ ತಲುಪಿ
ಮೀನಿನ ಹಿಂದೆ ನಿಂತಿದೆ,
ಬಾಲ ಇರಬೇಕಾದಲ್ಲಿ ಎರಡಾಗಿ ಸೀಳಿ.

ತೊಕ್ಕೊಟ್ಟಿನಿಂದ ಪೂವಕ್ಕನ ಫೋನು:
'ಎಲ್ಲಿದ್ದೀರಿ? ಹಸಿವಾಗುತ್ತಾ ಉಂಟು ನಂಗೆ.'
ಸಂಕದ ಮೇಲಿದ್ದೇನೆ, ಬಂದೆ ಎಂದೆ.
ಕೆಳಗೆ ನೇತ್ರಾವತಿ ಇರಬೇಕು, ಮಳೆಗೆ ಏನೂ ಕಾಣುವುದಿಲ್ಲ.
ಸೀಟಿನಡಿಯ ಬಟ್ಟೆ ಎಳೆದು
ನನ್ನೆದುರಿನಷ್ಟನ್ನೇ ಒರೆಸಿಕೊಂಡೆ.