ಚುಕ್ಕೆ ಮೇಲಿರಲಿ

‘ಕಚ್ಚುತ್ತದೆ’ ಅಂದಳು ಎತೆಲ್ವಿನಾ
ನೆರೆಮನೆಯ ನಾಯಿಯ ಮೇಲೆ ದೂರು ಕೊಡುವವಳ ಹಾಗೆ,
ಟವಲಿನಲ್ಲಿ ಸುತ್ತಿ ತಂದ ರೇಡಿಯೊ
ನನ್ನ ಮೇಜಿನ ಮೇಲಿಟ್ಟು.

ನಲವತ್ತೇಳು ವರ್ಷ ಸುಮ್ಮನಿದ್ದದ್ದು
ಮೊನ್ನೆ ನೆಲ ಒರೆಸಿ, ಬರಿಗಾಲಲ್ಲಿ
ಸ್ಟೇಷನ್ ತಿರುಗಿಸಲು ಹೋದರೆ
ಮೊಣಕೈತನಕ ಝುಮ್ಮೆಂದು ಹತ್ತಿತಂತೆ.
ಬೆಕ್ಕು ಕೂಡ ಈಗ ಅತ್ತ ಸುಳಿಯುವುದಿಲ್ಲವಂತೆ.

ಮೊಂಟೆವಿಡಿಯೊದ ಈ ಬಂದರು ಬೀದಿಗೆ
ಇಂಥವು ಇನ್ನೂ ಬರುತ್ತವೆ,
ಎರಡೂ ಬಗೆಯ ಕರೆಂಟಿಗೆ ಒಗ್ಗಲೆಂದು
ಟ್ರಾನ್ಸ್‌ಫಾರ್ಮರಿನ ಕಾಸು ಉಳಿಸಿ ಕಟ್ಟಿದವು.
ಒಳಗಿನ ತಗಡಿಗೇ ಒಂದು ತಂತಿ ನೇರ ಬೆಸುಗೆ.
ಪಿನ್ನು ಹೀಗೆ ಚುಚ್ಚಿದರೆ ತಗಡು ತಣ್ಣಗೆ,
ಹಾಗೆ ಚುಚ್ಚಿದರೆ ಇನ್ನೂರಿಪ್ಪತ್ತು ವೋಲ್ಟು
ಮೈತುಂಬ ಹೊದ್ದು ಕೂತಿರುತ್ತದೆ.
ಹಾಡು ಮಾತ್ರ ಎರಡಕ್ಕೂ ಒಂದೇ.

ಹಿಂದಿನ ರಟ್ಟು ಬಿಚ್ಚಿದೆ. ಧೂಳು, ಜಿರಳೆಯ ರೆಕ್ಕೆ,
ಮೇಣ ಕರಗಿ ಉಬ್ಬಿದ ಕೆಪ್ಯಾಸಿಟರ್.
ನಾಬ್ ಬಿದ್ದುಹೋದ ಕಡೆ ಬೋಳು ಕಡ್ಡಿ:
ಕಚ್ಚಿದ ಹಲ್ಲು ಅದು.

ಪ್ಲಗ್ಗು ಒರೆಸುವಾಗ
ಜಿಡ್ಡಿನಡಿ ಒಂದು ಕೆಂಪು ಚುಕ್ಕೆ.
ಉಗುರಿನ ಬಣ್ಣ.
‘ಅಯ್ಯೋ, ಇದು ನನ್ನದು!
ಬಾಟಲಿ ಎಲ್ಲಿ ಹೋಯಿತೆಂದು ಒಲೆಗಾರಿಯೊನ ಜೊತೆ
ವಾರವಿಡೀ ಜಗಳ ಆಡಿದ್ದೆ.’

ಅವನಿಗೆ ಗೊತ್ತಿತ್ತು. ಹೇಳಿದ್ದಂತೂ ಇಲ್ಲ.
ದಿನಾ ಸಂಜೆ ಚುಕ್ಕೆ ಮೇಲೆ ಮಾಡಿ ಸಿಕ್ಕಿಸಿ
ಪೇಪರು ಬಿಡಿಸಿ ಕೂರುತ್ತಿದ್ದನಂತೆ.
ಅವನನ್ನು ಮಣ್ಣು ಮಾಡಿದ ತಿಂಗಳಿಗೆ
ಗೋಡೆಗೆ ಬಣ್ಣ ಬಳಿಯಲು ಬಂದ ಹುಡುಗ
ಪ್ಲಗ್ಗು ಕಿತ್ತು, ಮತ್ತೆ ಚುಚ್ಚಿದ. ಅಷ್ಟೇ.

‘ಅರ್ತಿಂಗ್ ಕೊಟ್ಟುಬಿಡು’ ಅನ್ನುತ್ತಾಳೆ.
ಇದಕ್ಕೆ ಕೊಡಬಾರದು, ಸೆನ್ಯೋರಾ.
ಪಿನ್ನು ತಿರುಗಿದ ದಿನ ಮನೆಯ ಕರೆಂಟೆಲ್ಲ
ಆ ಹಸಿರು ತಂತಿ ಹಿಡಿದು ಮಣ್ಣಿಗೆ ಧುಮುಕುತ್ತದೆ.
ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡೋಣ.
ಎರಡು ಸುರುಳಿ, ಒಂದಕ್ಕೊಂದು ತಾಗುವುದಿಲ್ಲ,
ಆದರೂ ಆಚಿನದರ ಮಿಡಿತ ಈಚಿನದಕ್ಕೆ ಗೊತ್ತಾಗುತ್ತದೆ.

‘ತಾಗದೆಯೇ?’
ತಾಗದೆಯೇ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಎಷ್ಟಾಗುತ್ತದೆ ಅಂದಳು.

ಶನಿವಾರ ಒಯ್ಯಲು ಬಂದಾಗ ವಿವರಿಸಿದೆ:
ಹೊಸ ಫ್ಯೂಸು, ಹೊಸ ನಾಬ್, ಅದರ ಸ್ಕ್ರೂ ತೂತಿಗೆ ಮೇಣ.
ಇನ್ನು ಹೇಗೆ ಸಿಕ್ಕಿಸಿದರೂ ನಡೆಯುತ್ತದೆ.
ತಲೆಯಾಡಿಸಿ, ಕನ್ನಡಕ ಹಣೆಗೇರಿಸಿ,
ಬಗ್ಗಿ, ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿ
ಚುಕ್ಕೆ ಮೇಲೆ ಮಾಡಿ ಸಿಕ್ಕಿಸಿದಳು.

ವಾಲ್ವು ಕಾಯಲು ಅರ್ಧ ನಿಮಿಷ.
ಗುಂಯ್ ಎಂದಿತು, ಮೊದಲಿನಂತೆಯೇ.
‘ಇದು ಹಾಗೇ ಇದೆಯಲ್ಲ,
ನೂರು ಪೆಸೊ ಕಮ್ಮಿ ಮಾಡು.’