ಕಳ್ಳಕಿಸೆ

ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ
ಹುಸೇನ್‌ಬೀ ನನ್ನ ಲಂಗಕ್ಕೆ
ಕಳ್ಳಕಿಸೆ ಹೊಲಿದಳು.
ಹರಿದ ಎಡಗಿವಿ ಅವಳದು;
ಜುಮಕಿ ದಾದರಿನ ಗದ್ದಲದಲ್ಲೇ ಉಳಿಯಿತಂತೆ.

"ಮುಂಬೈದಾಗ ಕಳ್ಳ ಕಿಸೆ ನೋಡಂಗಿಲ್ಲವ್ವ,
ಕೈ ನೋಡ್ತಾನ.
ನೀ ಎಲ್ಲಿ ಮುಟ್ಟಿ ಮುಟ್ಟಿ ನೋಡ್ಕೋತಿ
ಅಲ್ಲೇ ಅದ ರೊಕ್ಕ ಅಂತಾನ.
ದಾರಿ ತಪ್ಪಿದರ ಹೂವು ಮಾರಾಕಿನ್ನ ಕೇಳು,
ತಾನಾಗೇ ಹೇಳಾಕ ಬಂದವನ್ನಲ್ಲ.
ಸಮುದ್ರದಾಗ ಮೊಣಕಾಲ ಮಟ ಸಾಕು.
ಅದು ಕೃಷ್ಣಾ ಹೊಳಿ ಅಲ್ಲ,
ಹ್ವಾದ ನೀರು ತಿರುಗಿ ಬರ್ತದ,
ಬರಿಗೈಲೆ ಹೋಗಂಗಿಲ್ಲ."

ಹಲ್ಲಿನಿಂದ ದಾರ ಕಡಿದು
ಮೂವತ್ತು ರೂಪಾಯಿ ಎಣಿಸಿಕೊಂಡಳು.

ರಾಯಚೂರು ಟೇಶನ್ನು, ಎರಡನೇ ಪ್ಲಾಟ್‌ಫಾರ್ಮು.
ಮುಂಬೈ ಗಾಡಿ ಇನ್ನೂ ಒಂದು ತಾಸು ತಡ.
ಆಗಲೇ ನಾಲ್ಕು ಸಲ
ಸೊಂಟ ಮುಟ್ಟಿ ನೋಡಿಕೊಂಡಿದ್ದೇನೆ.

ಎದುರು ಬೆಂಚಿನ ಹುಡುಗ
ಶೇಂಗಾ ಸುಲಿಯುತ್ತ
ನನ್ನ ಕೈಯನ್ನೇ ನೋಡುತ್ತಿದ್ದಾನೆ.