ಇಪ್ಪತ್ತನಾಲ್ಕನೆಯ ಮುಖ

ಗ್ಯುಮ್ರಿಗೆ ಆಗ ಬೇರೆ ಹೆಸರು.
ನೆಲ ನಡುಗಿ ಐದನೇ ವಾರ. ಹಳಿ ತಪ್ಪಿ ನಿಂತ ಬೋಗಿಯೊಂದು
ನನ್ನ ಚಿಕಿತ್ಸಾಲಯ. ಸೀಮೆಎಣ್ಣೆ ಒಲೆ, ಎರಡು ಸ್ಟೂಲು,
ಯೆರೆವಾನಿನಿಂದ ತಂದ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಮುಖ:
ಸಿಟ್ಟು, ದಿಗಿಲು, ಹೇಸಿಗೆ, ನಾಚಿಕೆ...
ಬಾಯಿ ಕಟ್ಟಿದ ಮಕ್ಕಳು ಬೆರಳಿಟ್ಟು ತೋರಿಸಲೆಂದು.

ಒಲೆಯ ಆಸೆಗೆ ಬರುತ್ತಿದ್ದರು ಪಾದ್ರಿ ಟೇರ್ ಘೆವೊಂದ್.
ನನಗೆ ದೇವರಿಲ್ಲ, ಅವರಿಗೆ ಸಕ್ಕರೆಯಿಲ್ಲ;
ಚಹಾ ಮಾತ್ರ ಇಬ್ಬರಿಗೂ ಒಂದೇ.
ನಾನೆಂದೆ: ಮೊದಲು ಮೈ ನಡುಗುತ್ತದೆ, ಆಮೇಲೆ ಮನಸ್ಸು
ಅದಕ್ಕೆ ಭಯವೆಂದು ಹೆಸರಿಡುತ್ತದೆ.
ಮೈಯೇ ಇಲ್ಲದವನಿಗೆ, ಹೇಳಿ, ಏನಾಗುತ್ತದೆ?

ಏನೂ ಆಗದು, ಎಂದರು, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ.
ಆಗುವುದೆಲ್ಲ ನಮಗೆ. ಮುಳುಗುವವನಿಗೆ
ದಡ ಬೇಕು, ಜೊತೆಗೆ ಮುಳುಗುವ ಇನ್ನೊಬ್ಬನಲ್ಲ.
ಅವನಿಗೆ ಒಡಲಿಲ್ಲ. ಒಡಲಿಲ್ಲದವನಿಗೆ ಕರುಳಿಲ್ಲ.

ಬಾಗಿಲ ಬಳಿ ಸರದಿ ಕಾಯುತ್ತಿದ್ದ ಸತೆನಿಕ್ ಅಜ್ಜಿಗೆ
ಕೇಳಿಸಿದ್ದು ಕೊನೆಯ ಮಾತೊಂದೇ.
"ಅದು ನನಗೆ ಡಿಸೆಂಬರಿನಲ್ಲೇ ಗೊತ್ತಾಯಿತು, ಸ್ವಾಮಿ."
ಮೊಮ್ಮಗನ ಟೊಪ್ಪಿ ಸರಿಮಾಡಿ ಮುಂದೆ ದೂಡಿದಳು.

ಅಷೋತ್, ಏಳು ವರ್ಷ. ಮೂರು ವಾರದಿಂದ ಮಾತಿಲ್ಲ.
ಅಜ್ಜಿಗೊಂದು ಮುಖ ಹುಡುಕಿದ: ದಣಿವು.
ನನಗೆ: ಬೆರಗು (ಕನ್ನಡಕದ ತಪ್ಪಿರಬೇಕು).
ಪಾದ್ರಿಯ ಮುಂದೆ ಮೂರು ಕಾರ್ಡು ಇಟ್ಟು, ಮೂರನ್ನೂ ತೆಗೆದ.
"ದೇವರಿಗೆ?" ಎಂದುಬಿಟ್ಟರು ಅವರು.
ಕೇಳಬಾರದಿತ್ತು. ನಾನು ತಡೆಯಲಿಲ್ಲ.

ಅಡಿಯಲ್ಲೊಂದು ಕಾರ್ಡಿತ್ತು, ಅಚ್ಚು ಬೀಳದೆ ಉಳಿದದ್ದು,
ಬರೀ ದುಂಡು ಗೆರೆ, ಒಳಗೆ ಬಿಳಿ.
ಹುಡುಗ ಅದನ್ನೆತ್ತಿದ.
ಘೆವೊಂದರ ಮುಖ ಅರಳಿತು: ನೋಡಿದಿರಾ, ನಿರ್ವಿಕಾರ!

"ಅವನಿಗಿನ್ನೂ ಯಾರೂ ಹೇಳಿಲ್ಲ," ಎಂದ ಅಷೋತ್.

ಅಮ್ಮನ ಸುದ್ದಿಯನ್ನು ಅವನಿಂದ ನಾವೆಲ್ಲ ಸೇರಿ
ಹನ್ನೊಂದು ದಿನ ಮುಚ್ಚಿಟ್ಟಿದ್ದೆವು. ಹನ್ನೊಂದು ದಿನ
ಅವನ ಮುಖ ಹಾಗೇ ಇತ್ತು, ದುಂಡಗೆ.

ಪಾದ್ರಿಯ ಲೋಟದಲ್ಲಿ ಚಹಾ ಅಲುಗಿತು;
ಮತ್ತೆ ನೆಲವೇ ಎಂದು ನಾನು ಕಂಬಿ ಹಿಡಿದೆ.
ನೆಲವಲ್ಲ, ಕೈ.
ಅದಕ್ಕೊಂದು ಹೆಸರು ಸಿಗುವ ಮುನ್ನವೇ ಎದ್ದು ಹೋದರು.

ಆ ರಾತ್ರಿ ಕುಸಿದ ಇಗರ್ಜಿಯ ಕಲ್ಲುಗಳ ನಡುವೆ
ಪ್ರಾರ್ಥನೆಯಿರಬೇಕೆಂದು ಹೋಗಿ ನೋಡಿದೆ. ಪ್ರಾರ್ಥನೆಯಲ್ಲ.
ಬೀದಿ, ಮನೆ ನಂಬರು, ಹೆಸರು, ವಯಸ್ಸು,
ಆಸ್ಪತ್ರೆಯ ಗುಮಾಸ್ತನಂತೆ, ಅವಸರವಿಲ್ಲದೆ,
ನಡುನಡುವೆ ತಡೆದು,
ಕೇಳುವವನಿಗೆ ಕೂರಲು ಹೊತ್ತು ಕೊಡುವ ಹಾಗೆ.

ಲೆಕ್ಕದ ಪುಸ್ತಕದಲ್ಲಿ ಬರೆದೆ: ಮುಖ ಇಪ್ಪತ್ತಮೂರು. ಒಂದು ಕಾಣೆ.